ಅಂಗೈಯ ಗುಳ್ಳೆ, ಕೆಂಪು ಕಣ್ಣು, ಸೋತ ಕಾಲು

ಶ್ರಾವಣದ ಒಂದು ಮುಂಜಾನೆ ತಂಗಿ ತನ್ನ ಎರಡೂವರೆ ವರ್ಷದ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ನಮ್ಮ ಮನೆಗೆ ಬಂದಳು. ಹೊಸಪೇಟೆಯಲ್ಲಿ ನಮ್ಮಿಬ್ಬರದೂ ಒಂದೇ ಓಣಿ. ಮಗು ಹಿಂದಿನ ರಾತ್ರಿಯಿಂದ ಹಾಲು ಬಿಟ್ಟಿತ್ತು. ಗದ್ದದ ಮೇಲೆ ಜೊಲ್ಲು ನಿಲ್ಲದೆ ಸುರಿದು ಅಂಗಿಯ ಎದೆಭಾಗ ತೊಯ್ದಿತ್ತು. "ಬಾಯಾಗ ಏನೋ ಎದ್ದೈತಿ ಅಕ್ಕಾ, ಮುಟ್ಟಗೊಡವಲ್ಲ" ಅಂದಳು. ಬೆಳಕಿಗೆ ಹಿಡಿದು ನೋಡಿದರೆ ನಾಲಿಗೆಯ ಅಂಚಿನಲ್ಲಿ, ಕೆಳತುಟಿಯ ಒಳಗೆ ಬೂದು ಬಣ್ಣದ ಸಣ್ಣ ಹುಣ್ಣು, ಸುತ್ತ ಕೆಂಪು ಉಂಗುರ. ಅಂಗೈ ಬಿಡಿಸಿದರೆ ಅಲ್ಲೂ ಅಕ್ಕಿಕಾಳಿನಷ್ಟು ಉದ್ದನೆಯ ನಾಲ್ಕೈದು ಗುಳ್ಳೆ. ಅಂಗಾಲಿನಲ್ಲೂ ಅಷ್ಟೇ.

ಅವಳ ಅತ್ತೆ ನೋಡಿದ ಕೂಡಲೇ "ಅಮ್ಮ ಆಗ್ಯಾಳ, ಬೇವಿನ ಸೊಪ್ಪು ಹಾಸ್ರಿ, ಸೂಜಿ ಮಾಡಿಸಬ್ಯಾಡ್ರಿ" ಎಂದಿದ್ದರಂತೆ. ಕಂಪ್ಲಿ ಕಡೆಯಿಂದ ಬಂದು ನಮ್ಮ ಓಣಿಗೆ ಹಾಲು ಹಾಕುವವರು, ಎಮ್ಮೆ ಕಟ್ಟಿದವರು, ಇನ್ನೊಂದು ಹೇಳಿದರು: "ಇದು ಕಾಲುಬಾಯಿ ಜ್ವರ ಕಂಡಂಗ ಕಾಣ್ತೈತಲ್ಲವ್ವ, ಅದು ದನಕ್ಕ ಬರೋದಲ್ಲೇನು?" ಮಕ್ಕಳ ವೈದ್ಯರು ಅಂಗೈ ನೋಡಿ ಅರ್ಧ ನಿಮಿಷದಲ್ಲಿ ಹೆಸರು ಹೇಳಿದರು: ಕೈ-ಕಾಲು-ಬಾಯಿ ರೋಗ. ಅಮ್ಮನೂ ಅಲ್ಲ, ದನದ್ದೂ ಅಲ್ಲ. ಎಂಟೆರೋವೈರಸ್ ಎಂಬ ಗುಂಪಿಗೆ ಸೇರಿದ ವೈರಸ್‌ನಿಂದ ಬರುವ ರೋಗ.

ಆ ಗುಂಪಿನ ಬಗ್ಗೆ ನಮ್ಮ ಕಡೆಯ ತಾಯಂದಿರು, ಅಜ್ಜಿಯರು, ಅಂಗನವಾಡಿಯವರು ತಿಳಿದಿರಬೇಕು ಎಂದು ಅವತ್ತಿನಿಂದ ನನಗೆ ಅನ್ನಿಸುತ್ತಿದೆ. ಮಕ್ಕಳ ಗುಳ್ಳೆ, ಹಾಸ್ಟೆಲಿಗೆ ಹಾಸ್ಟೆಲೇ ಹಿಡಿದುಕೊಳ್ಳುವ ಕಣ್ಣು ಬೇನೆ, ಹಳೆಯ ಪೋಲಿಯೊ, ಕೆಲವು ಬಗೆಯ ಮಿದುಳು ಜ್ವರ, ಕಡೆಗೆ ಮಾಮೂಲಿ ನೆಗಡಿಯ ವೈರಸ್ ಕೂಡ, ಎಲ್ಲ ಈ ಒಂದೇ ಮನೆತನದವು. ಗುಣ ಬೇರೆ ಬೇರೆ, ಆದರೆ ಹೆಚ್ಚಿನವು ಹರಡುವ ದಾರಿ ಒಂದೇ. ಆ ದಾರಿ ಗೊತ್ತಿದ್ದರೆ ಅರ್ಧ ಕೆಲಸ ಮನೆಯಲ್ಲೇ ಆಗುತ್ತದೆ.

'ಎಂಟೆರೋ' ಎಂದರೆ ಗ್ರೀಕಿನಲ್ಲಿ ಕರುಳು. ಇವು ಬಾಯಿಯಿಂದ ಒಳಹೊಕ್ಕು, ಹೊಟ್ಟೆಯ ಆಮ್ಲಕ್ಕೂ ಸಾಯದೆ, ಗಂಟಲು ಮತ್ತು ಕರುಳಿನಲ್ಲಿ ಮನೆಮಾಡುತ್ತವೆ. ಅಲ್ಲಿಂದ ರಕ್ತಕ್ಕಿಳಿದು ಚರ್ಮ, ಹೃದಯ, ಮಿದುಳು, ಬೆನ್ನುಹುರಿ, ಎಲ್ಲಿಗೆ ಬೇಕಾದರೂ ಹೋಗಬಲ್ಲವು. ಸೋಂಕು ತಗುಲಿದ ಬಹುಪಾಲು ಮಂದಿಗೆ ಏನೂ ಆಗುವುದಿಲ್ಲ, ಆದರೂ ಅವರ ಮಲದಲ್ಲಿ ವೈರಸ್ ವಾರಗಟ್ಟಲೆ ಹೊರಬೀಳುತ್ತಿರುತ್ತದೆ. ಆಟವಾಡಿಕೊಂಡಿರುವ ಮಗುವೇ ಪಕ್ಕದ ಮಗುವಿಗೆ ರೋಗ ದಾಟಿಸುವುದು ಹೀಗೆ.

ಇನ್ನೊಂದು ಗುಣವನ್ನು ಒತ್ತಿ ಹೇಳಬೇಕು. ಕೊರೊನಾ ವೈರಸ್‌ಗೆ ಮೈಮೇಲೆ ಕೊಬ್ಬಿನ ಹೊದಿಕೆಯಿತ್ತು, ಸ್ಯಾನಿಟೈಸರ್ ಅದನ್ನು ಕರಗಿಸಿಬಿಡುತ್ತಿತ್ತು. ಎಂಟೆರೋವೈರಸ್‌ಗೆ ಆ ಹೊದಿಕೆ ಇಲ್ಲ. ಹೀಗಾಗಿ ಸ್ಯಾನಿಟೈಸರ್ ಇದರ ಮೇಲೆ ನೆಚ್ಚುವಷ್ಟು ಕೆಲಸ ಮಾಡುವುದಿಲ್ಲ. ಮೂರು ವರ್ಷ ಸ್ಯಾನಿಟೈಸರ್ ಬಾಟಲಿ ಹಿಡಿದು ಓಡಾಡಿದ ನಮಗೆ ಇದು ಹೊಸ ಪಾಠ. ಸೋಪು ಹಚ್ಚಿ ಉಜ್ಜಿ, ಹರಿಯುವ ನೀರಿನಲ್ಲಿ ತೊಳೆದರೆ ವೈರಸ್ ಕೈಯಿಂದ ಜಾರಿ ಹೋಗುತ್ತದೆ. ಇಲ್ಲಿ ಕೆಲಸ ಮಾಡುವುದು ಉಜ್ಜುವಿಕೆ ಮತ್ತು ನೀರು. ಮಗುವಿನ ಕಕ್ಕ ತೊಳೆದ ಮೇಲೆ, ಡೈಪರ್ ಬದಲಿಸಿದ ಮೇಲೆ, ರೊಟ್ಟಿ ತಟ್ಟಲು ಕೂಡುವ ಮುಂಚೆ, ಉಣಿಸುವ ಮುಂಚೆ 20 ಸೆಕೆಂಡು ಸೋಪಿನಲ್ಲಿ ಉಜ್ಜಬೇಕು. ಉಗುರಿನ ಸಂದು ಬಿಡಬಾರದು.

ಮತ್ತೆ ಅಂಗೈ ಗುಳ್ಳೆಗೆ ಬರೋಣ. ಕೈ-ಕಾಲು-ಬಾಯಿ ರೋಗ ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ. ಸೋಂಕು ತಗುಲಿದ 3ರಿಂದ 6 ದಿನಕ್ಕೆ ಸಣ್ಣ ಜ್ವರ, ಗಂಟಲು ನೋವು. ಮರುದಿನವೋ ಅದರ ಮರುದಿನವೋ ಬಾಯಿಹುಣ್ಣು, ಬಳಿಕ ಅಂಗೈ, ಅಂಗಾಲು, ಕೆಲವೊಮ್ಮೆ ಕುಂಡಿ ಮತ್ತು ಮೊಣಕಾಲಿನ ಮೇಲೆ ಗುಳ್ಳೆ. ಸೀತಾಳೆ ಸಿಡುಬಿಗೂ ಇದಕ್ಕೂ ವ್ಯತ್ಯಾಸ ಕಾಣುವುದು ಜಾಗದಲ್ಲಿ. ಸಿಡುಬು ಎದೆ, ಬೆನ್ನು, ಮುಖದಲ್ಲಿ ಏಳುತ್ತದೆ, ತುಂಬ ತುರಿಸುತ್ತದೆ. ಇದು ಅಂಗೈ-ಅಂಗಾಲು ಹಿಡಿಯುತ್ತದೆ, ತುರಿಕೆಗಿಂತ ನೋವು ಹೆಚ್ಚು. ದಡಾರಕ್ಕಾದರೆ, ನಮ್ಮ ಕಡೆ ಗೊಬ್ಬರ ಅನ್ನುತ್ತೇವಲ್ಲ ಅದಕ್ಕೆ, ಜೋರು ಜ್ವರ, ಕೆಮ್ಮು, ಮೂಗು ಸೋರಿಕೆ, ಕೆಂಪು ಕಣ್ಣು ಜೊತೆಗಿರುತ್ತವೆ.

ಹಾಲಿನವರ ಮಾತನ್ನೂ ತಳ್ಳಿಹಾಕುವಂತಿಲ್ಲ. ದನಗಳ ಕಾಲುಬಾಯಿ ಜ್ವರದ ವೈರಸ್ ಮತ್ತು ಇದು ದೂರದ ದಾಯಾದಿಗಳು. ಎರಡೂ ಪಿಕೋರ್ನ ಎಂಬ ದೊಡ್ಡ ಕುಟುಂಬಕ್ಕೆ ಸೇರಿವೆ. ಆದರೆ ದನದ ರೋಗದಿಂದ ಮಕ್ಕಳಿಗೆ ಕೈ-ಕಾಲು-ಬಾಯಿ ರೋಗ ಬರುವುದಿಲ್ಲ, ಮಗುವಿನಿಂದ ಎಮ್ಮೆಗೂ ದಾಟುವುದಿಲ್ಲ. ಕೊಟ್ಟಿಗೆಗೆ ಬೀಗ ಹಾಕುವುದಾಗಲಿ, ಮನೆಯ ಹಾಲು ಚೆಲ್ಲುವುದಾಗಲಿ ಬೇಕಿಲ್ಲ. ಹಾಲು ಕಾಯಿಸಿ ಆರಿಸಿ ಕೊಡಿ, ಸಾಕು.

2022ರ ಮೇ ತಿಂಗಳಲ್ಲಿ ಕೇರಳದ ಕೊಲ್ಲಂ ಜಿಲ್ಲೆಯಲ್ಲಿ 'ಟೊಮೆಟೊ ಜ್ವರ' ಎಂಬ ಹೆಸರು ಎದ್ದಿತು, ನೆನಪಿರಬಹುದು. ಜುಲೈ ಕೊನೆಗೆ ಅಲ್ಲಿ ಐದು ವರ್ಷದೊಳಗಿನ 80ಕ್ಕೂ ಹೆಚ್ಚು ಮಕ್ಕಳಿಗೆ ಅದು ಬಂದಿತ್ತು. ಕರ್ನಾಟಕ ಸರ್ಕಾರ ಗಡಿ ಜಿಲ್ಲೆಗಳಲ್ಲಿ ನಿಗಾ ಇಡಿಸಿತು, ವಾಟ್ಸಾಪಿನಲ್ಲಿ ಹೊಸ ಮಹಾಮಾರಿಯ ಸುದ್ದಿ ಹರಿದಾಡಿತು. ಕೇರಳಕ್ಕೆ ಬಂದು ಬ್ರಿಟನ್ನಿಗೆ ಮರಳಿದ ಇಬ್ಬರು ಮಕ್ಕಳ ಮಾದರಿ ಪರೀಕ್ಷಿಸಿದಾಗ ಸಿಕ್ಕಿದ್ದು ಕಾಕ್ಸಾಕಿ ಎ16, ಅಂದರೆ ಕೈ-ಕಾಲು-ಬಾಯಿ ರೋಗದ ಹಳೆಯ ವೈರಸ್. ಕಾಕ್ಸಾಕಿ ಎಂಬುದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಊರು. 1948ರ ಹೊತ್ತಿಗೆ ಮೊದಲು ಅಲ್ಲಿಯ ಮಕ್ಕಳಲ್ಲಿ ಪತ್ತೆಯಾದ ವೈರಸ್‌ಗೆ ಊರಿನ ಹೆಸರೇ ನಿಂತಿತು.

ಕೈ-ಕಾಲು-ಬಾಯಿ ರೋಗಕ್ಕೆಂದೇ ಔಷಧಿ ಇಲ್ಲ. ಆ್ಯಂಟಿಬಯೋಟಿಕ್ ವೈರಸ್‌ಗೆ ಕೆಲಸ ಮಾಡುವುದಿಲ್ಲ, ಸೂಜಿ ಮಾಡಿಸಿ ಎಂದು ವೈದ್ಯರನ್ನು ಒತ್ತಾಯಿಸಬೇಡಿ. ವಾರ, ಹತ್ತು ದಿನದಲ್ಲಿ ತಾನಾಗಿ ಇಳಿಯುತ್ತದೆ. ಮನೆಯಲ್ಲಿ ಮಾಡಬೇಕಾದ ದೊಡ್ಡ ಕೆಲಸ ಮಗುವಿನ ಮೈಯ ನೀರು ಇಳಿಯದಂತೆ ನೋಡಿಕೊಳ್ಳುವುದು. ಬಾಯಿ ಉರಿಗೆ ಮಗು ನುಂಗಲು ಹೆದರುತ್ತದೆ. ತಂಗಿಯ ಮಗ ಲೋಟ ಕಂಡರೆ ಮುಖ ತಿರುಗಿಸುತ್ತಿದ್ದ. ಕಡೆಗೆ ಅವಳು ತಣ್ಣಗಿನ ಮಜ್ಜಿಗೆಯನ್ನು ಚಮಚದಲ್ಲಿ, ಐದು ನಿಮಿಷಕ್ಕೊಮ್ಮೆ, ಕೆನ್ನೆಯ ಒಳಬದಿಗೆ ಹನಿಸಿದಳು. ಹುಣ್ಣಿರುವ ನಾಲಿಗೆ ತಪ್ಪಿಸಿ ಹಾಕಿದರೆ ನುಂಗುತ್ತಾನೆ ಎಂದು ಅವಳೇ ಕಂಡುಕೊಂಡಿದ್ದು. ಅರ್ಧ ದಿನದಲ್ಲಿ ಎರಡು ಲೋಟ ಒಳಗೆ ಹೋಯಿತು, ಸಂಜೆಗೆ ಉಚ್ಚೆ ಹೊಯ್ದ. ನಾವು ಕಾಯುತ್ತಿದ್ದದ್ದು ಅದಕ್ಕೇ. ಹುಳಿಯಿಲ್ಲದ ಮಜ್ಜಿಗೆ, ಎಳನೀರು, ಓಆರ್‌ಎಸ್, ಆರಿದ ರಾಗಿ ಅಂಬಲಿ, ಮಜ್ಜಿಗೆಯಲ್ಲಿ ಕಿವುಚಿದ ಜೋಳದ ನುಚ್ಚು ಎಲ್ಲ ಆಗುತ್ತದೆ. ಎದೆಹಾಲು ಕುಡಿಯುವ ಮಗುವಿಗೆ ಅದನ್ನೇ ಮೇಲಿಂದ ಮೇಲೆ ಕೊಡಿ. ನಿಂಬೆ, ಕಿತ್ತಳೆ, ಖಾರ, ಬಿಸಿ ಬೇಡ. ಜ್ವರಕ್ಕೆ ಪ್ಯಾರಸಿಟಮಾಲ್, ಅದೂ ಮಗುವಿನ ತೂಕಕ್ಕೆ ತಕ್ಕಂತೆ ವೈದ್ಯರು ಹೇಳಿದಷ್ಟು. ಆಸ್ಪಿರಿನ್ ಮಕ್ಕಳಿಗೆ ಕೊಡಲೇಬಾರದು. ಗುಳ್ಳೆ ಒಡೆಯಬಾರದು, ಅದರ ಮೇಲೆ ಸುಣ್ಣ, ಅರಿಶಿನದ ಪಟ್ಟು ಬೇಡ. ಬೇವಿನ ಸೊಪ್ಪು ಹಾಸಿಗೆಯಲ್ಲಿದ್ದರೆ ತೊಂದರೆಯೇನಿಲ್ಲ, ಅಜ್ಜಿಗೂ ಸಮಾಧಾನ. ಆದರೆ ಅಮ್ಮನೆಂದು ನಂಬಿ ದವಾಖಾನೆಯ ಬಾಗಿಲು ಮುಚ್ಚಿಕೊಳ್ಳಬಾರದು. ಏಕೆ ಎಂಬುದಕ್ಕೆ ಬಳ್ಳಾರಿಯ ಒಂದು ಕತೆ ಇದೆ.

2005ರಿಂದ 2007ರವರೆಗೆ ಬಳ್ಳಾರಿಯ ವಿಜಯನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ, ನಾವೆಲ್ಲ ವಿಮ್ಸ್ ಎನ್ನುತ್ತಿದ್ದ ಆಸ್ಪತ್ರೆಗೆ, ಜ್ವರ ಬಂದು ಎಚ್ಚರ ತಪ್ಪಿದ, ಫಿಟ್ಸ್ ಬಂದ ಮಕ್ಕಳು ದಾಖಲಾಗುತ್ತಿದ್ದರು. ನಮ್ಮ ಗದ್ದೆ ನಾಡಿನಲ್ಲಿ ಇಂಥ ಮಕ್ಕಳನ್ನು ಕಂಡರೆ ಮೊದಲು ನೆನಪಾಗುವುದು ಸೊಳ್ಳೆಯಿಂದ ಬರುವ ಜಪಾನೀಸ್ ಎನ್ಸಿಫಲೈಟಿಸ್. ವಿಮ್ಸ್ ವೈದ್ಯರು, ಬೆಂಗಳೂರಿನ ನಿಮ್ಹಾನ್ಸ್ ಮತ್ತು ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ತಜ್ಞರು ಸೇರಿ ಇಂಥ ಮಕ್ಕಳ ಮಾದರಿಗಳನ್ನು ಬಿಡಿಸಿ ನೋಡಿದರು. ಮಿದುಳು ಉರಿಯೂತದ 106 ಮಕ್ಕಳಲ್ಲಿ 5 ಮಕ್ಕಳಿಗೆ ಎಂಟೆರೋವೈರಸ್ 75 ಎಂಬ, ಅಲ್ಲಿಯವರೆಗೆ ಹೆಚ್ಚು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ವೈರಸ್ ಸೋಂಕಿತ್ತು. ಇಂಥ ಸೋಂಕು ಹಿಡಿಯಲು ಗಂಟಲಿನಿಂದ ತೆಗೆದ ದ್ರವವೂ ನೆರವಾಗಬಹುದು ಎಂದು ಅವರು ಬರೆದರು. ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಐದು ಎಂದರೆ ಸಣ್ಣ ಸಂಖ್ಯೆ. ಆದರೆ ಸೊಳ್ಳೆ ಕಚ್ಚದೆಯೂ, ಕೈಯಿಂದ ಬಾಯಿಗೆ ಹೋದ ವೈರಸ್‌ನಿಂದಲೂ ಮಿದುಳಿಗೆ ಜ್ವರ ಏರಬಹುದು ಎಂಬುದು ನಮ್ಮದೇ ಆಸ್ಪತ್ರೆಯ ವಾರ್ಡಿನಿಂದ ಹೊರಬಂದ ಮಾತು. ಹೊರದೇಶದಲ್ಲಿ ಇನ್ನೂ ದೊಡ್ಡ ಪೆಟ್ಟು ಬಿದ್ದದ್ದುಂಟು. 1998ರಲ್ಲಿ ತೈವಾನ್‌ನಲ್ಲಿ ಎಂಟೆರೋವೈರಸ್ 71 ಎದ್ದಾಗ 78 ಮಕ್ಕಳು ತೀರಿಕೊಂಡರು. ಅಲ್ಲಿ ಬಹಳ ಮಕ್ಕಳಿಗೆ ರೋಗ ಶುರುವಾದದ್ದು ಇಂಥ ಗುಳ್ಳೆ, ಬಾಯಿಹುಣ್ಣಿನಿಂದಲೇ.

ಆದ್ದರಿಂದ ಗುಳ್ಳೆ ಎದ್ದ ಮಗುವಿನ ಗುಳ್ಳೆಗಿಂತ ಹೆಚ್ಚಾಗಿ ಮಗುವನ್ನೇ ನೋಡಿ. ಜೋಂಪು ಹತ್ತುವ ಹೊತ್ತಿಗೆ ಕೈಕಾಲು ಎಗರಿಸಿ ಮತ್ತೆ ಮತ್ತೆ ಬೆಚ್ಚಿಬೀಳುತ್ತಿದೆಯೇ? ನಡೆಯುವಾಗ ವಾಲುತ್ತಿದೆಯೇ, ಕೈ ನಡುಗುತ್ತಿದೆಯೇ? ಎಬ್ಬಿಸಿದರೂ ಕಣ್ಣು ಬಿಡದೆ ಮಂಕಾಗಿದೆಯೇ? ಜ್ವರ ಮೂರು ದಿನ ದಾಟಿತೇ, ವಾಂತಿ ನಿಲ್ಲುತ್ತಿಲ್ಲವೇ, ಉಸಿರು ಏದುತ್ತಿದೆಯೇ, ಕೈಕಾಲು ತಣ್ಣಗಾಗುತ್ತಿವೆಯೇ? ಆರೆಂಟು ತಾಸಿನಿಂದ ಉಚ್ಚೆ ಹೊಯ್ದಿಲ್ಲವೇ? ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಬೆಚ್ಚಿಬೀಳುವುದನ್ನು ಬಹಳ ಮನೆಗಳಲ್ಲಿ ದೃಷ್ಟಿ, ಹೆದರಿಕೆ ಎಂದುಕೊಂಡು ತಾಯತ ಕಟ್ಟಿ ಸುಮ್ಮನಾಗುತ್ತಾರೆ. ಮಿದುಳಿಗೆ ಸೋಂಕು ಏರುತ್ತಿರುವ ಮೊದಲ ಸುಳಿವು ಅದೇ ಆಗಿರಬಹುದು. 108ಕ್ಕೆ ಫೋನು ಮಾಡಿದರೆ ಆಂಬ್ಯುಲೆನ್ಸ್ ಬರುತ್ತದೆ, 104ರಲ್ಲಿ ಸಲಹೆ ಸಿಗುತ್ತದೆ. ಸಂಡೂರಿನ ಗಣಿಗಳ ಪಕ್ಕದ ಹಳ್ಳಿ, ತಾಂಡಾಗಳಿಂದ ಬರುವವರಿಗೆ ಲಾರಿಗಳ ಸಾಲು ದಾಟಿ ಊರು ಮುಟ್ಟುವುದೇ ಹೊತ್ತು ತಿನ್ನುವ ಕೆಲಸ, ಆ ಹೊತ್ತನ್ನೂ ಲೆಕ್ಕಕ್ಕಿಟ್ಟುಕೊಂಡು ಹೊರಡಬೇಕು.

ಹಸುಗೂಸಿನ ಬಗ್ಗೆ ಒಂದು ಮಾತು. ಹುಟ್ಟಿ ತಿಂಗಳೊಳಗಿನ ಕೂಸಿಗೆ ಈ ಸೋಂಕು ತಗುಲಿದರೆ ಹೃದಯ, ಯಕೃತ್ತು, ಮಿದುಳಿಗೆ ಅಪಾಯ. ಹೆರಿಗೆಯ ಆಸುಪಾಸಿನಲ್ಲಿ ತಾಯಿಗೆ ಜ್ವರ ಬಂದಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ತೊಟ್ಟಿಲಿಗೆ ಹಾಕುವ ದಿನ ಬಂದವರೆಲ್ಲ ಕೂಸನ್ನು ಎತ್ತಿ ಮುದ್ದಿಸುವುದು ನಮ್ಮಲ್ಲಿ ಪ್ರೀತಿಯ ಪದ್ಧತಿ. ಜ್ವರ, ಗುಳ್ಳೆ, ಭೇದಿ ಇರುವವರು ಮಾತ್ರ ಅವತ್ತು ಹೊಸ್ತಿಲ ಆಚೆಯಿಂದಲೇ ಹರಸಲಿ.

ಇನ್ನು ಕಣ್ಣು. 2023ರ ಜುಲೈ-ಆಗಸ್ಟ್‌ನಲ್ಲಿ ರಾಜ್ಯದ ತುಂಬ ಕಣ್ಣು ಬೇನೆ ಹರಡಿದ್ದು ಎಲ್ಲರಿಗೂ ನೆನಪಿದೆ. ಮದ್ರಾಸ್ ಐ ಎಂದು ನಾವು ಕರೆಯುವ ಇದನ್ನು ಕೆಲವೊಮ್ಮೆ ಅಡಿನೋವೈರಸ್ ತರುತ್ತದೆ, ಕೆಲವೊಮ್ಮೆ ಎಂಟೆರೋವೈರಸ್ 70 ಮತ್ತು ಕಾಕ್ಸಾಕಿ ಎ24 ತರುತ್ತವೆ. ಎಂಟೆರೋವೈರಸ್‌ದಾದರೆ ಬರುವ ರಭಸವೇ ಬೇರೆ: ತಗುಲಿದ ಒಂದೆರಡು ದಿನದಲ್ಲೇ ಕಣ್ಣು ಚುಚ್ಚಿ, ರೆಪ್ಪೆ ಊದಿ, ಬಿಳಿಗುಡ್ಡೆಯಲ್ಲಿ ರಕ್ತದ ಕಲೆ ಕಾಣುತ್ತದೆ. 1969ರಲ್ಲಿ ಆಫ್ರಿಕಾದ ಘಾನಾದಲ್ಲಿ ಇದು ಎದ್ದಾಗ ಮನುಷ್ಯ ಚಂದ್ರನ ಮೇಲೆ ಇಳಿದ ವರ್ಷವೆಂದು ಜನ ಇದನ್ನು ಅಪೋಲೊ ರೋಗ ಎಂದರು. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಬಂದ ಹೊತ್ತಿನಲ್ಲಿ ಬಂಗಾಳದಲ್ಲಿ ಹರಡಿದಾಗ ಅಲ್ಲಿನವರು 'ಜೈ ಬಾಂಗ್ಲಾ' ಎಂದರು.

ಬೇನೆ ಬಂದವರ ಕಣ್ಣು ನೋಡಿದರೆ ಅಂಟುವುದಿಲ್ಲ. ಅಂಟುವುದು ಕೈಯಿಂದ, ಟವೆಲಿನಿಂದ, ದಿಂಬಿನಿಂದ, ಒಂದೇ ಕಾಡಿಗೆ ಡಬ್ಬಿಯಿಂದ. ಹಾಸ್ಟೆಲಿನಲ್ಲಿ ಮೂವರು ಹುಡುಗಿಯರು ಒಂದೇ ಟವೆಲು ಬಳಸುವುದನ್ನು ನಿಲ್ಲಿಸಿದರೆ ಅರ್ಧ ಬೇನೆ ನಿಂತಂತೆ. ಬೇರೆಯವರ ಡ್ರಾಪ್ಸ್ ಹಾಕಿಕೊಳ್ಳಬೇಡಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಡ್ರಾಪ್ಸ್‌ನಲ್ಲಿ ಸ್ಟಿರಾಯ್ಡ್ ಇದ್ದರೆ ಕಣ್ಣಿಗೇ ಹಾನಿ ಆಗಬಹುದು. ಹರಳೆಣ್ಣೆ, ಎದೆಹಾಲು, ಜೇನುತುಪ್ಪ ಕಣ್ಣಿಗೆ ಹಾಕುವುದು ಬೇಡ. ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಪಿಸುರು ಒರೆಸಿ, ಬಟ್ಟೆ ಕುದಿಸಿ. ವಾರ, ಎರಡು ವಾರಕ್ಕೆ ವಾಸಿಯಾಗುತ್ತದೆ. ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಂಜಾದರೆ ಕಣ್ಣಿನ ವೈದ್ಯರೇ ನೋಡಬೇಕು. ಹಂಪಿಯಲ್ಲಿ ಗೈಡ್ ಕೆಲಸ ಮಾಡುವವರು, ಹೋಟೆಲಿನವರು, ತೆಪ್ಪ ನಡೆಸುವವರು ದಿನದ ಕೂಲಿ ಬಿಡುವುದು ಕಷ್ಟವೆಂದು ಕಪ್ಪು ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಕನ್ನಡಕ ಬೆಳಕಿಗೆ ತಡೆ, ವೈರಸ್‌ಗಲ್ಲ. ಕಣ್ಣು ಮುಟ್ಟಿದ ಕೈಯನ್ನು ಪ್ರತಿ ಸಲ ತೊಳೆಯಲೇಬೇಕು.

ಈ ಮನೆತನದ ಹಿರಿಯ ಪೋಲಿಯೊ. ನಮ್ಮ ಓಣಿಯಲ್ಲಿ ಒಬ್ಬರಿಗೆ ಎಡಗಾಲು ಸಣಕಲು, ತೊಡೆಯ ಮೇಲೆ ಕೈ ಊರಿ ನಡೆಯುತ್ತಾರೆ. ಅವರ ವಯಸ್ಸಿನವರಲ್ಲಿ ಇಂಥವರು ಪ್ರತಿ ಊರಿನಲ್ಲೂ ಇದ್ದಾರೆ. ಪೋಲಿಯೊ ವೈರಸ್ ತಗುಲಿದ ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಹೀಗೆ ಕೈಯೋ ಕಾಲೋ ಸೋಲುತ್ತದೆ, ಉಳಿದವರು ಗೊತ್ತಿಲ್ಲದೆಯೇ ಹರಡುತ್ತಾರೆ. 2003ರಲ್ಲಿ ಕೂಡ ಕರ್ನಾಟಕದಲ್ಲಿ 36 ಮಕ್ಕಳಿಗೆ ಪೋಲಿಯೊ ಬಂದಿತ್ತು. ದೇಶದ ಕೊನೆಯ ಕಾಡು ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತವೆಂದು ಘೋಷಣೆಯಾಯಿತು. 1995ರಿಂದ ನಡೆದುಬಂದ ಪಲ್ಸ್ ಪೋಲಿಯೊ ಭಾನುವಾರಗಳು ಇದರ ಹಿಂದಿವೆ: ಹೊಸಪೇಟೆ ಬಸ್ ನಿಲ್ದಾಣದಲ್ಲಿ ಐಸ್ ಡಬ್ಬಿ ಇಟ್ಟುಕೊಂಡು ಕೂತ ಆಶಾ ಕಾರ್ಯಕರ್ತೆ, ಬಸ್ ಹೊರಡುವ ಮುಂಚೆ ಕಿಟಕಿಯಿಂದಲೇ ಎರಡು ಹನಿ ಹಾಕಿ, ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ ಗುರುತು ಹಚ್ಚುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ.

ಈಗ ಹುಟ್ಟಿದ ಕೂಡಲೇ, ನಂತರ 6, 10, 14ನೇ ವಾರಕ್ಕೆ ಬಾಯಿಗೆ ಹನಿ. 6 ಮತ್ತು 14ನೇ ವಾರಕ್ಕೆ ಪೋಲಿಯೊ ಚುಚ್ಚುಮದ್ದು. 2023ರಿಂದ 9 ತಿಂಗಳಿಗೆ ಮೂರನೆಯ ಚುಚ್ಚುಮದ್ದು ಸೇರಿದೆ. ಒಂದೂವರೆ ವರ್ಷದ ಹೊತ್ತಿಗೆ ಮತ್ತೊಮ್ಮೆ ಹನಿ. ಎಲ್ಲವೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ನನಗೆ ಚಿಂತೆ ಇರುವುದು ಕಂಪ್ಲಿಯ ನಾಟಿಗೆ, ಕಬ್ಬು ಕಡಿಯಲು, ಇಟ್ಟಿಗೆ ಗೂಡಿಗೆ ಬರುವ ಕುಟುಂಬಗಳ ಮಕ್ಕಳ ಬಗ್ಗೆ. ಊರಿನ ಪಟ್ಟಿಯಲ್ಲೂ ಇಲ್ಲ, ಇಲ್ಲಿಯ ಪಟ್ಟಿಯಲ್ಲೂ ಇಲ್ಲ. ಗದ್ದೆ ಮಾಲೀಕರು, ಗೂಡಿನ ಮೇಸ್ತ್ರಿಗಳು ಆಶಾ ಕಾರ್ಯಕರ್ತೆಗೆ ಒಂದು ಮಾತು ಹೇಳಿ ತಾಯಿ ಕಾರ್ಡ್ ತೋರಿಸುವಂತೆ ಮಾಡಿದರೆ ಒಂದು ಮಗುವಿನ ಕಾಲು ಉಳಿಯುತ್ತದೆ.

ಪೋಲಿಯೊ ಹೋಯಿತಲ್ಲ ಎಂದು ಮೈಮರೆಯುವ ಕಡೆಯೇ ಒಂದು ವಿಷಯ ತಪ್ಪಿಹೋಗುತ್ತದೆ. 15 ವರ್ಷದೊಳಗಿನ ಯಾವ ಮಗುವಿಗಾದರೂ ಇದ್ದಕ್ಕಿದ್ದಂತೆ ಕೈ ಅಥವಾ ಕಾಲು ಸೋತು ಜೋತು ಬಿದ್ದರೆ, ಲಸಿಕೆ ಹಾಕಿಸಿದ್ದರೂ ಸರಿ, ಬಿದ್ದು ಪೆಟ್ಟಾಗಿದೆ ಎಂದುಕೊಂಡಿದ್ದರೂ ಸರಿ, ಆಸ್ಪತ್ರೆಗೆ ತಿಳಿಸಬೇಕು. 14 ದಿನದೊಳಗೆ, ಒಂದು ದಿನದ ಅಂತರದಲ್ಲಿ ಎರಡು ಸಲ ಮಲದ ಮಾದರಿ ತೆಗೆದು ತಣ್ಣನೆಯ ಡಬ್ಬಿಯಲ್ಲಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಬೆಂಗಳೂರಿನ ರಾಷ್ಟ್ರೀಯ ವೈರಾಣು ಸಂಸ್ಥೆಯ ಘಟಕದಲ್ಲಿ ಈ ಪರೀಕ್ಷೆ ನಡೆಯುತ್ತದೆ. ಮನೆಯವರಿಗೆ ಖರ್ಚಿಲ್ಲ. ಹೊಸಪೇಟೆ, ಹಂಪಿಯವರು 2021ರಿಂದ ವಿಜಯನಗರ ಜಿಲ್ಲೆ. ಸಂಡೂರು, ಕಂಪ್ಲಿಯವರು ಬಳ್ಳಾರಿ ಜಿಲ್ಲೆ. ಯಾವ ಜಿಲ್ಲೆಯೆಂದು ತಲೆ ಕೆಡಿಸಿಕೊಳ್ಳಬೇಡಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೇಳಿದರೆ ಮುಂದಿನದನ್ನು ಅವರು ನೋಡಿಕೊಳ್ಳುತ್ತಾರೆ.

ನೀರಿನ ಮಾತು ಬಿಟ್ಟರೆ ಬರಹ ಮುಗಿಯದು, ನಾವು ತುಂಗಭದ್ರೆಯ ಮಕ್ಕಳು. ಮಳೆಗಾಲದಲ್ಲಿ ಚರಂಡಿಯ ಪಕ್ಕದ ನಲ್ಲಿ ಪೈಪು ಒಡೆದರೆ, ಕಾಲುವೆ ದಂಡೆಯಲ್ಲಿ ಬಯಲಿಗೆ ಕೂತರೆ, ಮಲದ ವೈರಸ್ ಕುಡಿಯುವ ನೀರಿಗೆ ಬರುತ್ತದೆ. ನೀರನ್ನು ಮಳಮಳ ಕುದಿಬಂದ ಮೇಲೆ ಒಂದು ನಿಮಿಷ ಕುದಿಸಿ ಇಳಿಸಿದರೆ ಸಾಕು. ಕ್ಯಾಂಡಲ್ ಫಿಲ್ಟರಿನ ಸಂದಿನಲ್ಲಿ ವೈರಸ್ ಸಲೀಸಾಗಿ ನುಸುಳುತ್ತದೆ, ಅಷ್ಟು ಸಣ್ಣದು. ಹಂಪಿಯಲ್ಲಿ ಹೊಳೆ ಸ್ನಾನ ಮಾಡಿಸುವಾಗ ಮಕ್ಕಳು ನೀರು ಗುಟುಕರಿಸದಂತೆ ನೋಡಿಕೊಳ್ಳಿ. ಜ್ವರ, ಭೇದಿ ಇರುವ ಮಗುವನ್ನು ಹೊಳೆಗೆ ಇಳಿಸಬೇಡಿ, ಜಾತ್ರೆಗೆ ಬಂದವರೆಲ್ಲ ಅದೇ ನೀರಿಗೆ ಇಳಿಯುತ್ತಾರೆ.

ಅಂಗನವಾಡಿಯಲ್ಲಿ ಒಂದು ಮಗುವಿಗೆ ಗುಳ್ಳೆ ಕಂಡರೆ ಜ್ವರ ಬಿಟ್ಟು ಗುಳ್ಳೆ ಒಣಗುವವರೆಗೆ, ಸುಮಾರು ಒಂದು ವಾರ, ಅದನ್ನು ಮನೆಯಲ್ಲೇ ಇರಿಸಿಕೊಳ್ಳಲು ಹೇಳಿ. ಆಟಿಕೆ, ನೆಲ, ಬಾಗಿಲ ಹಿಡಿಯನ್ನು ಮೊದಲು ಸೋಪು ನೀರಿನಲ್ಲಿ ತೊಳೆದು, ಆಮೇಲೆ ಲೀಟರ್ ನೀರಿಗೆ ಒಂದು ಸಣ್ಣ ಚಮಚ ಹೊಸ ಬ್ಲೀಚಿಂಗ್ ಪೌಡರ್ ಕಲಸಿ, ತಿಳಿಯನ್ನು ಸವರಿ ಹತ್ತು ನಿಮಿಷ ಬಿಡಿ. ಮಕ್ಕಳು ಬಾಯಿಗಿಡುವ ಆಟಿಕೆಗಳನ್ನು ಮತ್ತೆ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಬ್ಲೀಚಿಂಗ್ ಜೊತೆ ಆ್ಯಸಿಡ್, ಫಿನಾಯಿಲ್ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ವಾಸಿಯಾಗಿ ಬಂದ ಮಗುವಿನ ಮಲದಲ್ಲಿ ಇನ್ನೂ ಕೆಲವು ವಾರ ವೈರಸ್ ಇರುವುದರಿಂದ, ಕೈತೊಳೆಯುವ ಶಿಸ್ತು ಗುಳ್ಳೆ ಒಣಗಿದ ದಿನಕ್ಕೇ ನಿಲ್ಲಬಾರದು.

ತಂಗಿಯ ಮಗ ಎಂಟನೆಯ ದಿನಕ್ಕೆ ರೊಟ್ಟಿ ಕಚ್ಚಿದ. ಎಲ್ಲ ಮರೆತಿದ್ದೆವು. ತಿಂಗಳು ದಾಟಿದ ಮೇಲೆ ಒಂದು ಸಂಜೆ ಅವಳು ಮತ್ತೆ ಓಡಿ ಬಂದಳು, ಮಗುವಿನ ಹೆಬ್ಬೆರಳಿನ ಉಗುರು ಬುಡದಿಂದ ಎದ್ದು ಬರುತ್ತಿತ್ತು. ಈ ರೋಗದ ನಂತರ ಕೆಲವು ಮಕ್ಕಳಿಗೆ ಹೀಗಾಗುವುದುಂಟು, ನೋವಿಲ್ಲ, ಕೀಳಬೇಡಿ, ತಾನಾಗಿ ಬೀಳಲಿ ಎಂದರು ವೈದ್ಯರು. ಬೀಳುವ ಉಗುರಿನ ಅಡಿಯಲ್ಲಿ ಹೊಸದು ಆಗಲೇ ಕಾಲು ಭಾಗ ಬೆಳೆದಿತ್ತು.